ನಮ್ಮ ಮೆಚ್ಚಿನ ಹಿರಿಯ ರಾಕ್ ಗಾಯಕರ ಬಗ್ಗೆ ಪತ್ರಿಕೆಗಳು ಕೀಳಾಗಿ ಬರೆದಾಗ ಅಭಿಮಾನಿಗಳು ಹೇಗೆ ಉತ್ತರ ಕೊಡಬೇಕು?

ಕೊಡಬೇಡಿ. ಅದೇ ರಾತ್ರಿಯಂತೂ ಕೊಡಲೇಬೇಡಿ. ನಿಮ್ಮ ಪ್ರಶ್ನೆಯ ಕೆಳಗೆ "ಎಲ್ಲ ಸೇರಿ ಆ ವರದಿಗಾರನಿಗೆ ಬುದ್ಧಿ ಕಲಿಸಬೇಕು" ಅಂತ ಒಂದು ಸಾಲು ಇದೆ ನೋಡಿ, ಅದು 2015ರಲ್ಲಿ ನಾನೇ ಬರೆದ ಹಾಗಿದೆ.

ನನ್ನದು ಐರನ್ ಮೇಡನ್ ಅನ್ನುವ ಬ್ರಿಟಿಷ್ ಹೆವಿ ಮೆಟಲ್ ಬ್ಯಾಂಡಿನ ಹುಚ್ಚು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ರೂಮ್‌ಮೇಟ್ ಹಚ್ಚಿದ್ದು. 2007ರ ಮಾರ್ಚ್ 17ಕ್ಕೆ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ಅವರ ಷೋ ಅಂತ ಗೊತ್ತಾದ ಕೂಡಲೇ ಇಬ್ಬರೂ ಇಂಟರ್ನಲ್ಸ್ ಪರೀಕ್ಷೆಗೆ ಕೈಕೊಟ್ಟು ರಾತ್ರಿ ಬಸ್ ಹತ್ತಿದೆವು. ಭಾರತದಲ್ಲಿ ಅವರ ಮೊದಲ ಷೋ ಅದು. ನನ್ನ ಟಿಕೆಟ್ ದುಡ್ಡೂ ಅವನೇ ಹಾಕಿದ್ದ. ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್‌ಗೆ ಆಗ 48 ವರ್ಷ. ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡುತ್ತಾ ಹಾಡುತ್ತಿದ್ದರೆ ನಿಂತು ನೋಡುತ್ತಿದ್ದ ನಮಗೇ ಏದುಸಿರು. ವಾಪಸ್ ಬಂದ ಮೇಲೆ ಎರಡು ದಿನ ನಮಗಿಬ್ಬರಿಗೂ ಗಂಟಲೇ ಇರಲಿಲ್ಲ, ಕ್ಯಾಂಟೀನ್‌ನಲ್ಲಿ ಕೈಸನ್ನೆ ಮಾಡಿ ಬೆಣ್ಣೆದೋಸೆ ಹೇಳಿದ್ದು.

ಓದು ಮುಗಿದ ಮೇಲೆ ನಾನು ಸಾಫ್ಟ್‌ವೇರ್ ಕಡೆ ಹೋದೆ. ಅವನು ಮನೆಯವರ ಹತ್ತಿರ ಬೈಸಿಕೊಂಡು ಒಂದು ಇಂಗ್ಲಿಷ್ ಪತ್ರಿಕೆ ಸೇರಿದ.

2015ರ ಫೆಬ್ರವರಿಯಲ್ಲಿ ಸುದ್ದಿ ಬಂತು. ಬ್ರೂಸ್ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಬೇಗ ಪತ್ತೆಯಾಗಿದೆ, ಏಳು ವಾರದ ಕೀಮೋ ಮತ್ತು ರೇಡಿಯೇಷನ್ ಆಗಿದೆ, ಪೂರ್ತಿ ಗುಣವಾಗುವ ಭರವಸೆ ಇದೆ ಅಂತ ಬ್ಯಾಂಡಿನವರೇ ಸ್ಪಷ್ಟವಾಗಿ ಹೇಳಿದ್ದರು. ಆದರೂ ಕೆಲವು ಕಡೆ ಶ್ರದ್ಧಾಂಜಲಿಯ ಧಾಟಿಯಲ್ಲೇ ಬರೆದರು. ಅಂಥ ಒಂದು ಸೈಟಿಗೆ ನಾನು ಎರಡೇ ಸಾಲಿನ ಮೇಲ್ ಹಾಕಿದೆ: ನೀವು ಬರೆದದ್ದು ಇದು, ಹೇಳಿಕೆಯಲ್ಲಿ ಇರುವುದು ಇದು. ಮಧ್ಯಾಹ್ನದೊಳಗೆ ತಿದ್ದಿದರು. ಅಂದರೆ ಸರಿಯಾದ ದಾರಿ ಯಾವುದು ಅಂತ ನನಗೆ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಮೇ ತಿಂಗಳಲ್ಲಿ ಅವರು ಗುಣವಾದರು. ಸೆಪ್ಟೆಂಬರ್‌ನಲ್ಲಿ ಹೊಸ ಆಲ್ಬಂ ಬಂತು. ಸಂದರ್ಶನಗಳು ಶುರುವಾದವು. ಒಂದು ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸು ನಿಂತಲ್ಲೇ ನಿಂತಿತ್ತು, ಕೈಯಲ್ಲಿ ಮೊಬೈಲ್. ಬ್ರೂಸ್ ಕ್ಯಾನ್ಸರ್‌ಗೆ ಓರಲ್ ಸೆಕ್ಸ್ ಕಾರಣ ಅನ್ನುವ ಅರ್ಥದ ಒಂದು ಹೆಡ್‌ಲೈನ್. ಕೆಳಗೆ ನನ್ನ ಗೆಳೆಯನ ಹೆಸರು.

ಮೈ ಉರಿದುಹೋಯಿತು.

ಈಗ ನಾನು ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಹತ್ತು ವರ್ಷದಿಂದ ಇದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಸ್ಕ್ರೀನಿನಲ್ಲಿ ಹೆಡ್‌ಲೈನ್, ಫೋಟೋ, ಅವನ ಹೆಸರು, ಮೊದಲ ಎರಡು ಸಾಲು ಇತ್ತು. ಕೆಳಗೆ 'ಮುಂದೆ ಓದಿ' ಅಂತ ಬಟನ್. ನಾನು ಅದನ್ನು ಒತ್ತಲಿಲ್ಲ. ನೆಟ್ ಸ್ಲೋ ಇತ್ತು ಅಂತ ಆಮೇಲೆ ತುಂಬ ಜನರ ಹತ್ತಿರ ಹೇಳಿಕೊಂಡು ತಿರುಗಿದೆ, ಸುಳ್ಳು. ನೆಟ್ ಚೆನ್ನಾಗೇ ಇತ್ತು, ಇಲ್ಲದಿದ್ದರೆ ಸ್ಕ್ರೀನ್‌ಶಾಟ್ ಅಷ್ಟು ಬೇಗ ಅಪ್‌ಲೋಡ್ ಆಗುತ್ತಿತ್ತಾ? ಅವನ ನಂಬರ್ ಮೊಬೈಲಿನಲ್ಲಿತ್ತು, ಹಿಂದಿನ ವಾರವಷ್ಟೇ ಮಾತಾಡಿದ್ದೆವು. ಫೋನ್ ಮಾಡಿ "ಏನಲೇ ಇದು" ಅನ್ನಬಹುದಿತ್ತು. ಮಾಡಲಿಲ್ಲ. ಸ್ಕ್ರೀನ್‌ಶಾಟನ್ನು ಅಭಿಮಾನಿಗಳ ಫೇಸ್‌ಬುಕ್ ಗುಂಪಿಗೆ ಹಾಕಿ, "ಪ್ಯಾಲೇಸ್ ಗ್ರೌಂಡ್ಸ್‌ನಲ್ಲಿ ನನ್ನ ಪಕ್ಕ ಕುಣಿದವನು ಇವತ್ತು ಹೊಟ್ಟೆಪಾಡಿಗೆ ಇಂಥದ್ದು ಬರೀತಾನೆ" ಅಂತ ಬರೆದು, ಸಾಲದು ಅಂತ ಅವನ ಆಫೀಸ್ ಮೇಲ್ ಐಡಿಯನ್ನೂ ಅಂಟಿಸಿದೆ. ಅದಾದ ಮೇಲೆ ಸಮಾಧಾನವಾಗಿ ಊಟ ಮಾಡಿ ಮಲಗಿದೆ.

ಬೆಳಿಗ್ಗೆ ಹೊತ್ತಿಗೆ ಗುಂಪಿನವರು ಅವನ ಮದುವೆ ಫೋಟೋ ಕೆಳಗೆಲ್ಲ ಬೈಗುಳ ಸುರಿದಿದ್ದರು. ಅವನ ಹೆಂಡತಿ ಅದನ್ನು ಮೊದಲು ನೋಡಿದ್ದು. ನಾನು ಪೋಸ್ಟ್ ಅಳಿಸಿದೆ, ಅಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿತ್ತು. ಹತ್ತು ಗಂಟೆಗೆ ಅವನೇ ಫೋನ್ ಮಾಡಿದ. ಬೈಯಲಿಲ್ಲ. "ಪೂರ್ತಿ ಓದಿದ್ಯೇನಲೇ?" ಅಂದ. ಹೂಂ ಅಂದೆ. "ಹಂಗಾದ್ರೆ ಕೊನೇ ಪ್ಯಾರಾದಾಗ ಏನೈತಿ ಹೇಳು." ನಾನು ಸುಮ್ಮನಾದೆ. ಇಟ್ಟುಬಿಟ್ಟ.

ಆಮೇಲೆ ಓದಿದೆ. ಎಚ್‌ಪಿವಿ ಅನ್ನುವ ವೈರಸ್‌ನಿಂದ ತನಗೆ ಇದು ಬಂತು ಅಂತ ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ಬ್ರೂಸ್. ಮುಚ್ಚಿಡದೆ, ಬೇಕಂತಲೇ ಹೇಳಿದ್ದರು. ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ಸೂ ಇದೇ, ಹಾಗಾಗಿ ಗಂಡಸರು ಇದು ಹೆಂಗಸರ ವಿಷಯ ಅಂತ ತಿಳಿದಿರುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಬಾಯಿಯಿಂದಲೂ. ಕೊನೇ ಪ್ಯಾರಾದಲ್ಲಿ ಇದ್ದದ್ದು ಇಷ್ಟು: ನಲವತ್ತು ದಾಟಿದ ಗಂಡಸರು ಕತ್ತಿನಲ್ಲಿ ಗಂಟು ಕಂಡರೆ ಡಾಕ್ಟರ ಹತ್ತಿರ ಹೋಗಿ ಅಂತ ಅವರು ಹೇಳಿದ ಮಾತು. ನನ್ನ ಗೆಳೆಯ ಅದನ್ನು ಒಂದು ಅಕ್ಷರ ತಪ್ಪಿಲ್ಲದೆ ಬರೆದಿದ್ದ. ಹೆಡ್‌ಲೈನ್ ಅವನದ್ದಲ್ಲವೇ ಅಲ್ಲ. ವರದಿಗಾರ ಕಾಪಿ ಕೊಟ್ಟು ಮನೆಗೆ ಹೋಗುತ್ತಾನೆ, ಹೆಡ್‌ಲೈನ್ ಕೊಡುವುದು ಡೆಸ್ಕಿನಲ್ಲಿ ಕೂತ ಉಪಸಂಪಾದಕರು, ವೆಬ್‌ಸೈಟಿಗೆ ಹೋಗುವಾಗ ಕ್ಲಿಕ್ಕಿಗೋಸ್ಕರ ಇನ್ನೊಮ್ಮೆ ಬದಲಾಗುವುದೂ ಇದೆ. ಬೈಗುಳ ಮಾತ್ರ ಹೆಸರು ಇದ್ದವನಿಗೆ.

ಹೆಡ್‌ಲೈನ್ ಚೀಪಾಗಿತ್ತು, ಅದನ್ನು ಈಗಲೂ ಹೇಳುತ್ತೇನೆ. ಆದರೆ ನನಗೆ ಉರಿದದ್ದು ಅದಕ್ಕಲ್ಲ. ಸಿಗರೇಟಿನಿಂದ ಬಂತು ಅಂತ ಬರೆದಿದ್ದರೆ ನಮ್ಮ ಗುಂಪಿನಲ್ಲಿ ಒಬ್ಬನೂ ಉಸಿರೆತ್ತುತ್ತಿರಲಿಲ್ಲ. ನಮ್ಮ ಹೀರೋಗೆ ಕಾಯಿಲೆ ಬರಬಹುದು, ಆದರೆ ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು ಬರಬಾರದು, ಅಲ್ವಾ? ಆ ಮನುಷ್ಯನಿಗೆ ಇಲ್ಲದ ನಾಚಿಕೆ ನಮಗೆ. ನಾವು ಕಾಪಾಡಲು ಹೊರಟಿದ್ದು ನಮ್ಮ ಗೋಡೆಯ ಪೋಸ್ಟರನ್ನು.

ಹಾಗಾಗಿ "ಅವರ ಪರವಾಗಿ ನಾವು ನಿಲ್ಲಬೇಕು" ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಅವರು ಕೇಳಿದ್ದಾರಾ? ಬ್ರೂಸ್ 2016ರಲ್ಲಿ, 57ನೇ ವಯಸ್ಸಿನಲ್ಲಿ, ಬ್ಯಾಂಡನ್ನು ಕೂರಿಸಿಕೊಂಡು ಬೋಯಿಂಗ್ 747 ವಿಮಾನ ತಾವೇ ಓಡಿಸಿಕೊಂಡು ಪ್ರಪಂಚ ಸುತ್ತಿದರು. ಅಂಥವರಿಗೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಬಿದ್ದ ನಾನು ಯಾವ ರಕ್ಷಣೆ ಕೊಡಲಿ. ವಯಸ್ಸಾಯಿತು, ದನಿ ಹೋಯಿತು ಅಂತ ವಿಮರ್ಶಕ ಬರೆದರೆ ಅದು ಅವನ ಅಭಿಪ್ರಾಯ, ಬಿಡಿ. ಸಂಗತಿ ತಪ್ಪಿದ್ದರೆ ಸಂಪಾದಕರಿಗೆ ಎರಡು ಸಾಲು ಬರೆಯಿರಿ. ವರದಿಗಾರನ ಫೋಟೋ, ಮೇಲ್, ಮನೆಯವರ ತಂಟೆಗೆ ಹೋಗಬೇಡಿ. ಗುಂಪು ಕಟ್ಟುವುದಂತೂ ಬೇಡವೇ ಬೇಡ, ಗುಂಪಿನಲ್ಲಿ ಯಾರೂ ಓದುವುದಿಲ್ಲ.

ಅವನು ನನ್ನ ಹತ್ತಿರ ಮತ್ತೆ ಮಾತಾಡಲಿಲ್ಲ. ಎರಡು ಸಲ ಕ್ಷಮೆ ಕೇಳಿ ಬರೆದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಟಿಕೆಟ್ ದುಡ್ಡು ಇನ್ನೂ ಬಾಕಿ.

ನೀವು ನೋಡಿದ ವರದಿ ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಕಾಮೆಂಟಿನಲ್ಲಿ ಹಾಕಿ, ನೋಡೋಣ. ಜೊತೆಗೆ ಕೊನೇ ಪ್ಯಾರಾದಲ್ಲಿ ಏನಿದೆ ಅಂತಲೂ ಬರೆಯಿರಿ.