ಕೈಗೆ ಅನ್ನ ಅಂಟಿದರೆ ಅಳುವ ಮಗು: ಒಂದು ಆಪ್ತಸಲಹೆ ಪ್ರಕರಣ

ಧಾರವಾಡದ ಬಡಾವಣೆಯೊಂದರಲ್ಲಿ, ಮಹಡಿಯ ಮೇಲಿನ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿರುವ ದಂಪತಿ ತಮ್ಮ ಮೂರೂವರೆ ವರ್ಷದ ಮಗನನ್ನು ಕರೆದುಕೊಂಡು ಬೇಸಿಗೆಯ ಕೊನೆಯಲ್ಲಿ ನನ್ನ ಬಳಿ ಬಂದರು. ಗುರುತು ಸಿಗದಂತೆ ಕುಟುಂಬದ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಬಾಲವಾಡಿಯಲ್ಲಿ ಜೇಡಿಮಣ್ಣನ್ನೋ ಬಣ್ಣವನ್ನೋ ಕೊಟ್ಟರೆ ಹುಡುಗ ಮೂಲೆ ಸೇರಿ ಕುಳಿತುಬಿಡುತ್ತಾನೆ ಎಂದು ಅಲ್ಲಿಯ ಶಿಕ್ಷಕಿ ಹೇಳಿದ್ದರು. "ಮೇಡಂ, ಕೈಗೆ ಒಂದ ಅಗಳ ಅನ್ನ ಹತ್ತಿದ್ರ ಸಾಕ್ರಿ, ಒರಸೂತನಕ ಕೈ ಚಾಚಿಕೊಂಡು ಅಳಕೋತ ನಿಂತಿರ್ತಾನ" ಎಂದು ತಾಯಿ ಹೇಳಿದರು. ಸ್ಪರ್ಶದ ಆಟಗಳಿಗೆಂದೇ ಮಾರುವ ಒಂದು ಕಿಟ್ಟನ್ನು ಅವರು ಫೋನಿನಲ್ಲಿ ನೋಡಿ ಇಟ್ಟುಕೊಂಡಿದ್ದರು. ಅದರ ಬೆಲೆ ಅವರ ತಿಂಗಳ ಬಾಡಿಗೆಯ ಹತ್ತಿರವಿತ್ತು. ಅದನ್ನು ಕೊಳ್ಳಬೇಕೇ ಬೇಡವೇ ಎಂಬುದೇ ಅವರ ಮುಖ್ಯ ಪ್ರಶ್ನೆಯಾಗಿತ್ತು.

ಇಂಥ ದೂರು ಬಂದಾಗ ಆಟದ ಮಾತಿಗೆ ಮೊದಲು ನೋಡಬೇಕಾದದ್ದು ಬೇರೆ ಇರುತ್ತದೆ: ಇದು ಬೆಳವಣಿಗೆಯ ದೊಡ್ಡ ತೊಂದರೆಯೊಂದರ ಭಾಗವೇ ಎಂಬುದು. ಮಗು ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ, ವಾಕ್ಯ ಕಟ್ಟಿ ಮಾತನಾಡುತ್ತದೆಯೇ, ಕೂದಲು ಕತ್ತರಿಸುವಾಗ, ಹಲ್ಲುಜ್ಜುವಾಗ, ಮಿಕ್ಸರ್ ಸದ್ದಿಗೆ ಸಹ ಇದೇ ರೀತಿ ನರಳುತ್ತದೆಯೇ ಎಂದು ಒಂದೊಂದನ್ನೇ ವಿಚಾರಿಸಿದೆ. ಹುಡುಗ ಚೆನ್ನಾಗಿ ಮಾತನಾಡುತ್ತಿದ್ದ, ಪೆನ್ಸಿಲ್ಲನ್ನೇ ಬಸ್ಸು ಮಾಡಿ ಓಡಿಸುತ್ತಿದ್ದ. ಅವನ ಕಷ್ಟ ಹಸಿ ಮತ್ತು ಅಂಟು ವಸ್ತುಗಳಿಗೆ ಸೀಮಿತವಾಗಿತ್ತು. ಆದ್ದರಿಂದ ಒಂದೆರಡು ತಿಂಗಳು ಮನೆಯಲ್ಲೇ ಪ್ರಯತ್ನಿಸೋಣ, ಏನೂ ಬದಲಾಗದಿದ್ದರೆ ಅಥವಾ ಊಟದ ಬಗೆಗಳು ಇನ್ನೂ ಕಡಿಮೆಯಾದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ, ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ತೋರಿಸೋಣ ಎಂದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಲ್ಲಿ ತಪಾಸಣೆ ಉಚಿತವಾಗಿ ನಡೆಯುತ್ತದೆ.

ಕಿಟ್ಟು ಬೇಡವೆಂದು ಸ್ಪಷ್ಟವಾಗಿ ಹೇಳಿದೆ. ಅದರಲ್ಲಿ ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳಿದ್ದವು. ಮಗು ಅವನ್ನು ನುಂಗಿದರೆ ಅವು ಹೊಟ್ಟೆಯೊಳಗೂ ಉಬ್ಬಿ ಕರುಳನ್ನು ಕಟ್ಟಿಹಾಕಬಲ್ಲವು, ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾಗಬಹುದು. ಅದೇ ನುಣುಪು, ಅದೇ ಜಾರುವಿಕೆ ನೆನೆಸಿದ ಕಾಮಕಸ್ತೂರಿ ಬೀಜದಲ್ಲೂ ಬೇಯಿಸಿದ ಸಬ್ಬಕ್ಕಿಯಲ್ಲೂ ಸಿಗುತ್ತದೆ, ಬಾಯಿಗೆ ಹೋದರೂ ಭಯವಿಲ್ಲ.

ನಮ್ಮ ಮಾತು ನಡೆಯುತ್ತಿದ್ದಷ್ಟು ಹೊತ್ತೂ ಹುಡುಗನ ಕೈಗೆ ಬಿಸ್ಕತ್ತಿನ ಪುಡಿ ತಾಗಿದೊಡನೆ ತಾಯಿ ಒದ್ದೆ ಕಾಗದದಿಂದ ಒರೆಸುತ್ತಿದ್ದರು. ಇದನ್ನು ತಪ್ಪೆಂದು ನಾನು ಎತ್ತಿ ಆಡಲಿಲ್ಲ. ಸಂಜೆ ಆರಕ್ಕೆ ಕೆಲಸದಿಂದ ಬಂದು ಅಡುಗೆಗೆ ನಿಲ್ಲುವ, ಕೆಳಗಿನ ಮನೆಗೆ ನೀರು ಇಳಿದರೆ ಮಾಲೀಕರಿಂದ ಮಾತು ಕೇಳಬೇಕಾದ ಹೆಣ್ಣುಮಗಳಿಗೆ 'ಮಗು ಗಲೀಜು ಮಾಡಲಿ ಬಿಡಿ' ಎಂದು ಹೇಳುವುದು ಸುಲಭ, ನ್ಯಾಯವಲ್ಲ. ಹಾಗಾಗಿ ನನ್ನ ಸಲಹೆ ಆರಂಭವಾದದ್ದೇ ಗಲೀಜಿಗೆ ಗಡಿ ಹಾಕುವುದರಿಂದ: ಹಳೆಯ ಚಾದರ ಹಾಸಿ, ಅದರ ಮೇಲೆ ಅಗಲವಾದ ಪರಾತ ಇಟ್ಟು, ದಿನಕ್ಕೆ ಕಾಲು ಗಂಟೆ ಮಾತ್ರ, ಅದೂ ಸ್ನಾನಕ್ಕೆ ಸ್ವಲ್ಪ ಮೊದಲು. ಆ ಕಾಲು ಗಂಟೆಯಲ್ಲಿ ಮಗು ಕೇಳುವವರೆಗೆ ಯಾರೂ ಕೈ ಒರೆಸಬಾರದು. ಪಕ್ಕದಲ್ಲಿ ಒದ್ದೆ ಬಟ್ಟೆ ಇರಲಿ, ಬೇಕೆನಿಸಿದಾಗ ಅವನೇ ಒರೆಸಿಕೊಳ್ಳಲಿ. ಯಾವ ಕಾರಣಕ್ಕೂ ಅವನ ಕೈ ಹಿಡಿದು ಹಿಟ್ಟಿನಲ್ಲಿ ಅದ್ದಬಾರದು. ಬಲವಂತವಾಗಿ ಒಂದು ಸಲ ಮುಟ್ಟಿಸಿದರೂ ಹಲವು ದಿನಗಳ ನಂಬಿಕೆ ಕೈತಪ್ಪುತ್ತದೆ ಎಂಬುದನ್ನು ಈ ವೃತ್ತಿಯಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಒಣ ವಸ್ತುಗಳಿಂದ ಆರಂಭಿಸಿ, ಅದೂ ಚಮಚದಿಂದ ಎಂದೆ. ಪರಾತದಲ್ಲಿ ಎರಡು ಸೇರು ಜೋಳ ಸುರಿದು ಸೌಟು, ಲೋಟ, ಜರಡಿ ಕೊಡುವುದು, ಅವನು ತುಂಬುತ್ತ ಸುರಿಯುತ್ತ ಇರುವಾಗ ಅಮ್ಮನೂ ಕೈಯಾಡಿಸುತ್ತ ಕೂರುವುದು. ಇಲ್ಲಿ ಅಜ್ಜಿ, ಅಂದರೆ ಹುಡುಗನ ತಂದೆಯ ತಾಯಿ, ತಡೆದರು. "ಉಣ್ಣೂ ಕಾಳಿನ ಜೋಡಿ ಆಟ ಆಡೂದು ನಮ್ಮ ಮನ್ಯಾಗ ಇಲ್ರಿ." ಅವರ ಮಾತಿಗೆ ತೂಕವಿತ್ತು, ಅದನ್ನು ತಳ್ಳಿಹಾಕುವ ಮನಸ್ಸು ನನಗೆ ಬರಲಿಲ್ಲ. ಕಾಳನ್ನು ಮತ್ತೆ ಡಬ್ಬಕ್ಕೆ ತುಂಬಿಟ್ಟು ಅದನ್ನೇ ದಿನವೂ ಬಳಸಿ, ಕೊನೆಗೆ ಹಕ್ಕಿಗಳಿಗೆ ಹಾಕುವುದೆಂದು ಒಪ್ಪಂದವಾಯಿತು. ಕಾಳು ಮೂಗಿಗೆ, ಕಿವಿಗೆ ಹೋಗದಂತೆ ದೊಡ್ಡವರೊಬ್ಬರು ಪಕ್ಕದಿಂದ ಏಳಲೇಬಾರದು. ಇನ್ನೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಶೇಂಗಾ, ಕಡಲೆ, ಹುಣಸೆಬೀಜಗಳನ್ನು ಈ ಆಟಕ್ಕೆ ತರಲೇಬಾರದು.

ನಿಜವಾಗಿ ದಾರಿ ತೆರೆದದ್ದು ಅಜ್ಜಿಯ ರೊಟ್ಟಿಯ ಕಟ್ಟೆಯಲ್ಲಿ. ಅವರು ದಿನವೂ ಜೋಳದ ರೊಟ್ಟಿ ಬಡಿಯುತ್ತಾರೆ. ನಾದಿದ ಹಿಟ್ಟಿನ ಚಿಕ್ಕ ಉಂಡೆಯೊಂದನ್ನು ಒಣಹಿಟ್ಟಿನಲ್ಲಿ ಹೊರಳಿಸಿ, ಅಂಟದಂತೆ ಮಾಡಿ ಮೊಮ್ಮಗನ ಮುಂದಿಡಲು ಹೇಳಿದೆ. ಮೊದಲು ಅವನು ಲೋಟದ ತಳದಿಂದ ಒತ್ತಿದ, ಆಮೇಲೆ ಬೆರಳ ತುದಿಯಿಂದ. ಅವನ ಪುಟ್ಟ ರೊಟ್ಟಿಯೂ ಹಂಚಿನ ಮೇಲೆ ಬೆಂದು ತಟ್ಟೆಗೆ ಬಂದದ್ದರಿಂದ ಅಜ್ಜಿಯ ಆಕ್ಷೇಪಕ್ಕೂ ಎಡೆಯಿರಲಿಲ್ಲ. ಮೈದಾ, ಅದರ ಅರ್ಧದಷ್ಟು ಉಪ್ಪು, ಒಂದು ಚಮಚ ಎಣ್ಣೆ ಮತ್ತು ನೀರು ಸೇರಿಸಿ ಕಲಸುವ ಆಟದ ಹಿಟ್ಟು ಕೆಲವು ದಿನ ಉಳಿಯುತ್ತದೆ ನಿಜ, ಆದರೆ ಅಷ್ಟು ಉಪ್ಪು ಮಗುವಿನ ಹೊಟ್ಟೆಗೆ ಹೋಗುವುದು ಅಪಾಯ. ಬಾಯಿಗಿಡುವ ಅಭ್ಯಾಸವಿರುವ ಮಕ್ಕಳಿಗೆ ಅದನ್ನು ನಾನು ಸೂಚಿಸುವುದಿಲ್ಲ.

ನೀರಿನ ಆಟಕ್ಕೆ ಮಾಳಿಗೆ ಸಾಕಾಯಿತು. ಹಳೆಯ ಬಣ್ಣದ ಬ್ರಷ್ಷನ್ನು ನೀರಲ್ಲಿ ಅದ್ದಿ ನೆಲಕ್ಕೆ, ಗೋಡೆಗೆ ಬಳಿಯುವುದು. ಬಿಸಿಲಿಗೆ ಚಿತ್ರ ಆರಿಹೋಗುತ್ತದೆ, ಮತ್ತೆ ಬಳಿಯಬಹುದು, ತೊಳೆಯುವ ಕೆಲಸವೇ ಇಲ್ಲ. ಆಟ ಮುಗಿದ ಕೂಡಲೇ ಬಕೆಟ್ ಖಾಲಿ ಮಾಡಿ ಬೋರಲು ಹಾಕಬೇಕು, ಏಕೆಂದರೆ ತುಸುವೇ ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗು ಮುಳುಗಬಲ್ಲದು. ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡಿ ತೋರಿಸುವೆನೆಂದು ಅಜ್ಜಿ ಉತ್ಸಾಹದಿಂದ ಹೇಳಿದಾಗ, ಸುಣ್ಣ ಕಣ್ಣಿಗೆ ಕೆಟ್ಟದು, ಬೀಟ್‌ರೂಟ್ ರಸವೇ ಇರಲಿ ಎಂದೆ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಉತ್ತರ ಕರ್ನಾಟಕದ ಮನೆಗಳಲ್ಲಿ ಆ ದಿನ ಜೇಡಿಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ, ಆಷಾಢದ ಮಂಗಳವಾರಗಳಂದು ಮಣ್ಣಿನಿಂದಲೇ ಮಾಡಿದ ದೇವತೆ ಗುಳ್ಳವ್ವನನ್ನು ಕೂರಿಸುತ್ತಾರೆ. ಈಚೆಗೆ ಎತ್ತುಗಳನ್ನು ಕೊಂಡು ತರುವವರೇ ಹೆಚ್ಚು. ಈ ವರ್ಷ ಕುಂಬಾರರಿಂದ ಬರಿಯ ಮಣ್ಣು ತನ್ನಿ ಎಂದು ತಂದೆಗೆ ಹೇಳಿದೆ. ಎತ್ತಿನ ಮೈಯನ್ನು ತಂದೆ ಮಾಡಿದರು. ಹುಡುಗ ಜೋಳದ ಕಾಳನ್ನು ಕಣ್ಣಾಗಿ ಒತ್ತಿದ, ಕೋಡು ನೆಟ್ಟಗಿಲ್ಲವೆಂದು ಎರಡು ಬೆರಳಲ್ಲಿ ಸರಿಪಡಿಸಿದ, ಬಳಿಕ ತಾನೇ ಬಟ್ಟೆಯಿಂದ ಬೆರಳು ಒರೆಸಿಕೊಂಡ.

ಮೊಸರನ್ನವನ್ನು ಅವನು ಇಂದಿಗೂ ಚಮಚದಲ್ಲೇ ಉಣ್ಣುತ್ತಾನೆ, ಅದಕ್ಕೆ ಅವಸರವಿಲ್ಲವೆಂದು ತಾಯಿಗೆ ತಿಳಿಸಿದ್ದೇನೆ. ಬಾಲವಾಡಿಯಲ್ಲಿ ಎಲ್ಲ ಮಕ್ಕಳ ಅಂಗೈಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿಸುವ ಕಾರ್ಯಕ್ರಮವಿದೆ, ಏನು ಮಾಡಲಿ ಎಂದು ಅವರು ಕಳೆದ ಭೇಟಿಯಲ್ಲಿ ಕೇಳಿದರು. ಅವನಿಗೆ ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಹೂವಿನ ಅಚ್ಚು ಒತ್ತಲು ಬಿಡಬೇಕು, ಅಂಗೈಗೆ ಬಣ್ಣ ಬಳಿಸಿಕೊಳ್ಳಲು ಅವನಾಗಿ ಮುಂದೆ ಬಂದರೆ ಮಾತ್ರ ಬಳಿಯಬೇಕು ಎಂದು ಶಿಕ್ಷಕಿಗೆ ಪತ್ರ ಬರೆದುಕೊಟ್ಟಿದ್ದೇನೆ.