ಮತ್ತೆ ಒದ್ದೆಯಾಗುವ ಹಾಸಿಗೆ, ಅಮ್ಮನ ಸಿಟ್ಟು

ಪ್ರಶ್ನೆ (ಕೊರೊನಾ ಕಾಲದ್ದು): ಮಗನಿಗೆ ಏಳು ವರ್ಷ. ಕೊರೊನಾದಿಂದ ಶಾಲೆ ಮುಚ್ಚಿ ಮೂರು ತಿಂಗಳಾಯಿತು. ಎಂದೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ. ‘ಅಜ್ಜಿ ಸತ್ತುಹೋಗ್ತಾರಾ?’ ಎಂದು ಮಲಗುವಾಗೆಲ್ಲ ಕೇಳುತ್ತಾನೆ. ಮನೆಯಿಂದಲೇ ಕೆಲಸ ಮಾಡುವ ನಾನು ಕೂಗಾಡಿ, ಆಮೇಲೆ ಅಳುತ್ತೇನೆ. ಏನು ಮಾಡಲಿ?

ಉತ್ತರ: ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಮೂತ್ರದ ಸೋಂಕು, ಮಲಬದ್ಧತೆಯಿಂದಲೂ ಹೀಗಾಗುತ್ತದೆ. ವಿಪರೀತ ಬಾಯಾರಿಕೆ, ತೂಕ ಇಳಿಕೆ ಇದ್ದರೆ ಸಕ್ಕರೆ ಕಾಯಿಲೆಯ ಶಂಕೆ. ಅಂದೇ ವೈದ್ಯರನ್ನು ಕಾಣಿ. ಇವೇನೂ ಇಲ್ಲವೆಂದಾದರೆ ಆತಂಕವೇ ಕಾರಣವಿರಬಹುದು. ಅವನು ಬೇಕೆಂದು ಮಾಡುತ್ತಿಲ್ಲ. ಬೈದಷ್ಟೂ ಹೆಚ್ಚುತ್ತದೆ. ಹಗಲು ನೀರು ಧಾರಾಳವಾಗಿ ಕೊಡಿ, ಮಲಗುವ ಒಂದು ಗಂಟೆ ಮೊದಲು ಕಡಿಮೆ ಮಾಡಿ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಬಟ್ಟೆ, ಮತ್ತೆ ಪ್ಲಾಸ್ಟಿಕ್, ಮತ್ತೆ ಬಟ್ಟೆ ಹಾಸಿ. ನಡುರಾತ್ರಿ ಮೇಲಿನ ಜೋಡಿ ಎಳೆದರೆ ಸಾಕು, ಇಬ್ಬರಿಗೂ ನಿದ್ದೆ ಉಳಿಯುತ್ತದೆ.

ಅಜ್ಜಿಯ ಪ್ರಶ್ನೆಗೆ ‘ಏನೂ ಆಗಲ್ಲ, ಮಲಗು’ ಎನ್ನಬೇಡಿ. ಮಕ್ಕಳು ಅದನ್ನು ನಂಬುವುದಿಲ್ಲ. ‘ನೀನು ಏನು ಕೇಳಿಸಿಕೊಂಡೆ?’ ಎಂದು ಮೊದಲು ವಿಚಾರಿಸಿ. ಬಳಿಕ ನಿಜ ಹೇಳಿ: ವಯಸ್ಸಾದವರಿಗೆ ಈ ರೋಗ ಜೋರಾಗಬಹುದು, ಅದಕ್ಕೇ ನಾವು ಮಾಸ್ಕ್ ಹಾಕುತ್ತೇವೆ, 20 ಸೆಕೆಂಡ್ ಸೋಪಿನಿಂದ ಕೈ ತೊಳೆಯುತ್ತೇವೆ, ಕಿಟಕಿ ತೆರೆದಿಡುತ್ತೇವೆ. ಅಜ್ಜಿಗೆ ಕಾಯಿಲೆ ಬಂದರೆ ಅದು ತನ್ನಿಂದಲೇ ಎಂದು ಈ ವಯಸ್ಸಿನ ಮಕ್ಕಳು ಒಳಗೊಳಗೇ ಅಂದುಕೊಳ್ಳುವುದುಂಟು. ‘ನಿನ್ನ ತಪ್ಪೇನೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಲೇಬೇಕು. ಈ ಮಾತು ಸಂಜೆ ಬೆಳಕಿರುವಾಗಲೇ ಆಗಲಿ. ಮಗುವಿನ ಎದುರು ಟಿವಿ ಸುದ್ದಿ ಬೇಡ.

ಇನ್ನು ನಿಮ್ಮ ಸಿಟ್ಟು. ಅದು ಯಾವ ಹೊತ್ತಿಗೆ ಬರುತ್ತದೆ ಎಂದು ನಾಲ್ಕು ದಿನ ಬರೆದಿಡಿ. ಹೆಚ್ಚಾಗಿ ಮೀಟಿಂಗಿನ ಹೊತ್ತೂ ಮಗುವಿನ ಹಸಿವೂ ಒಟ್ಟಿಗೆ ಬಿದ್ದಿರುತ್ತವೆ. ತಿಂಡಿ ಅರ್ಧ ಗಂಟೆ ಮುಂಚೆ ಕೊಟ್ಟು ನೋಡಿ. ಕೆಲಸ ಶುರುಮಾಡುವ ಮೊದಲೇ 15 ನಿಮಿಷ, ಫೋನ್ ದೂರವಿಟ್ಟು, ಅವನು ಆರಿಸಿದ ಆಟ ಆಡಿ. ಆಮೇಲೆ ಅವನು ಪದೇಪದೇ ಕರೆಯುವುದು ಕಡಿಮೆಯಾಗಬಹುದು. ಸಿಟ್ಟು ಏರುವಾಗ ನಾಲ್ಕು ಎಣಿಸುತ್ತಾ ಉಸಿರೆಳೆದು, ಆರು ಎಣಿಸುತ್ತಾ ಬಿಡಿ, ಐದು ಸಲ. ಆದರೂ ಕೂಗಿಬಿಟ್ಟರೆ ‘ನಾನು ಕೂಗಿದ್ದು ತಪ್ಪು’ ಎನ್ನಿ, ‘ನೀನು ಹಾಗೆ ಮಾಡಿದ್ದಕ್ಕೆ’ ಎಂದು ಬಾಲ ಸೇರಿಸಬೇಡಿ.

ಎರಡು ವಾರವಾದರೂ ನಿಮಗೆ ನಿದ್ದೆ ಬಾರದಿದ್ದರೆ, ದಿನವೂ ಅಳು ಬರುತ್ತಿದ್ದರೆ ಮನೋವೈದ್ಯರೊಂದಿಗೆ ಫೋನಿನಲ್ಲಾದರೂ ಮಾತಾಡಿ. ಮಗುವಿಗೆ ಹೊಡೆದುಬಿಡುತ್ತೇನೆ ಎಂಬ ಭಯ ಹುಟ್ಟಿದರೆ ಎರಡು ವಾರ ಕಾಯಬೇಡಿ, ಆ ದಿನವೇ ಮಾತಾಡಿ.