ತಮ್ಮನಿಗೆ ಮಾರ್ವೆಲ್ ಸಿನಿಮಾಗಳನ್ನು ಯಾವ ಕ್ರಮದಲ್ಲಿ ತೋರಿಸಲಿ?

ಒಂದರ ಕಥೆ ಇನ್ನೊಂದಕ್ಕೆ ಹೆಣೆದುಕೊಂಡಿರುವ ಈ ಸೂಪರ್‌ಹೀರೋ ಸಿನಿಮಾಗಳನ್ನು ರಿಲೀಸ್ ಆದ ಕ್ರಮದಲ್ಲೋ, ಕಥೆ ನಡೆಯುವ ಕಾಲದ ಕ್ರಮದಲ್ಲೋ ಅಂತ ಕೇಳಿದ್ದೀರಿ. ತಮ್ಮ ಅವುಗಳಲ್ಲಿ 2025ರ ಥಂಡರ್‌ಬೋಲ್ಟ್ಸ್ ನೋಡಿ ಇಷ್ಟಪಟ್ಟಿದ್ದಾನೆ, "ಆ ಬಾಬ್ ಯಾರು?" ಅಂತ ಕೇಳಿದ್ದಾನೆ. 2026ರ ಡಿಸೆಂಬರಿನಲ್ಲಿ ಅವೆಂಜರ್ಸ್: ಡೂಮ್ಸ್‌ಡೇ ಬರುವಷ್ಟರಲ್ಲಿ ಫೆಂಟಾಸ್ಟಿಕ್ ಫೋರ್ ವರೆಗಿನ 37 ಸಿನಿಮಾನೂ ಅವನಿಗೆ ತೋರಿಸಿ ಮುಗಿಸಬೇಕು ಅಂತ ನಿಮ್ಮಾಸೆ. ಓದುತ್ತಿದ್ದ ಹಾಗೇ ಎದೆ ಧಸಕ್ಕೆಂದಿತು. ಇದನ್ನೇ ನಾನು ನನ್ನ ತಂಗಿಗೆ ಮಾಡಿದ್ದೆ.

2018ರ ಜೂನ್. ಮಾರ್ವೆಲ್‌ನ ಅವೆಂಜರ್ಸ್: ಇನ್ಫಿನಿಟಿ ವಾರ್ ಬಂದು ಎರಡು ತಿಂಗಳಾಗಿತ್ತು. ಒಂದು ಶನಿವಾರ ರಾತ್ರಿ ಹಾಲ್‌ನಲ್ಲಿ ಕೂತು ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ ಮತ್ತೆ ನೋಡುತ್ತಿದ್ದೆ. 2014ರ ಮೊದಲನೇ ಭಾಗ. ತಂಗಿ ಮೊಬೈಲ್ ಚಾರ್ಜರ್ ಹುಡುಕಿಕೊಂಡು ಬಂದಳು. ಅವಳಿಗೆ ಈ ಸಿನಿಮಾಗಳ ಗಂಧವೇ ಇರಲಿಲ್ಲ. ಚಾರ್ಜರ್ ಸಿಕ್ಕಿತು, ಆದರೂ ಹೋಗಲಿಲ್ಲ. ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಲ್ಲೇ ನೋಡತೊಡಗಿದಳು. ಆಮೇಲೆ ಸೋಫಾದ ಕೈ ಮೇಲೆ ಕೂತಳು.

ತೆರೆಯ ಮೇಲೆ ಜೈಲಿನ ದೃಶ್ಯ. ಎಲ್ಲರನ್ನೂ ಹಿಡಿದು ತಂದು ಒಳಗೆ ಹಾಕುತ್ತಿದ್ದಾರೆ. ಅಲ್ಲಿ ಒಂದು ಗಳಿಗೆ ರಾಕೆಟ್‌ನ ಬೆನ್ನು ಕಾಣುತ್ತದೆ. ರಾಕೆಟ್ ಅಂದರೆ ಮಾತಾಡುವ ಆ ರಕೂನ್. ಅಷ್ಟೊತ್ತು ಬಾಯಿ ಜೋರು ಮಾಡುತ್ತಿದ್ದ ಪ್ರಾಣಿಯ ಬೆನ್ನಲ್ಲಿ ಚರ್ಮ ಸೀಳಿ ಕೂರಿಸಿದ ಲೋಹದ ತುಂಡುಗಳು. ಯಾರೂ ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ.

"ಅಣ್ಣಾ, ಅದರ ಬೆನ್ನಿಗೆ ಏನಾಗಿದೆ? ಯಾರು ಹಂಗೆ ಮಾಡಿದ್ದು?" ಅಂದಳು.

ನಾನು ರಿಮೋಟ್ ತೆಗೆದುಕೊಂಡು ಸಿನಿಮಾ ನಿಲ್ಲಿಸಿದೆ.

ನನಗೆ ಆಗಿದ್ದು ಖುಷಿ. ಕೊನೆಗೂ ಇವಳಿಗೆ ಆಸಕ್ತಿ ಬಂತು ಅಂತ. "ನಿಂಗೆ ಇಷ್ಟ ಆಯ್ತಾ? ಹಂಗಾದ್ರೆ ಇದನ್ನ ಮಧ್ಯದಿಂದ ನೋಡಬೇಡ, ಹಾಳಾಗುತ್ತೆ. ಮೊದಲಿಂದ ಶುರು ಮಾಡೋಣ" ಅಂದೆ. "ಆದ್ರೆ ಆ ರಕೂನಿಗೆ ಏನಾಯ್ತು ಹೇಳು" ಅಂದಳು. "ಇದು ಹತ್ತನೇ ಸಿನಿಮಾ. ಅಲ್ಲಿಗೆ ಬಂದಾಗ ನಿಂಗೇ ಗೊತ್ತಾಗುತ್ತೆ" ಅಂದೆ. ಅದೇ ರಾತ್ರಿ 2008ರ ಐರನ್ ಮ್ಯಾನ್ ಹಾಕಿದೆ.

ಇದನ್ನು ಹೇಳಿದರೆ ಕೇಳಿದವರೆಲ್ಲ "ಒಂದೇ ಸಲ ಅಷ್ಟೊಂದು ಸಿನಿಮಾ ಹೇರಿದ್ದು ತಪ್ಪು" ಅನ್ನುತ್ತಾರೆ. ಅಲ್ಲ. ಸಿನಿಮಾ ಹತ್ತಾದರೂ ಇಪ್ಪತ್ತಾದರೂ ಇಷ್ಟಪಟ್ಟು ನೋಡುವವರು ನೋಡುತ್ತಾರೆ. ನನ್ನ ತಪ್ಪು ಆ ಒಂದು ಗಳಿಗೆಯದು. ಅವಳು ಪ್ರಶ್ನೆ ಕೇಳಿದಾಗ ನಾನು ಸಿನಿಮಾ ನಿಲ್ಲಿಸಿದ್ದು. ಆ ಪ್ರಶ್ನೆ ಅವಳದು. ಯಾರೂ ಹೇಳಿಕೊಟ್ಟಿದ್ದಲ್ಲ. ಮೂರು ಸೆಕೆಂಡ್ ಕಂಡ ಒಂದು ಬೆನ್ನಿನಿಂದ ತಾನೇ ಹೆಕ್ಕಿಕೊಂಡಿದ್ದು. ನಿರ್ದೇಶಕ ಜೇಮ್ಸ್ ಗನ್ ಆ ಬೆನ್ನನ್ನು ತೋರಿಸಿದ್ದೇ ಯಾರಾದರೂ ಹೀಗೆ ಕೇಳಲಿ ಅಂತ. ಸಿನಿಮಾ ಹಾಗೇ ಓಡಲು ಬಿಟ್ಟಿದ್ದರೆ, ಸ್ವಲ್ಪ ಹೊತ್ತಿಗೆ ರಾಕೆಟ್ ಕುಡಿದು ಗಲಾಟೆ ಮಾಡುವ ದೃಶ್ಯ ಬರುತ್ತಿತ್ತು. ಹೀಗೆ ಮಾಡಿ ಅಂತ ನಾನು ಕೇಳಿಕೊಂಡಿರಲಿಲ್ಲ ಅಂತ ಅವನು ಕಣ್ಣೀರು ತುಂಬಿಕೊಂಡು ಕೂಗುತ್ತಾನೆ. ಅವಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇತ್ತು. ನಾನು ಅವಳ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ನನ್ನ ಪಟ್ಟಿಯನ್ನು ಅವಳ ಕೈಗೆ ಕೊಟ್ಟೆ. ರಾಕೆಟ್ ಬಗ್ಗೆ ಕೇಳಿದವಳಿಗೆ ಐರನ್ ಮ್ಯಾನ್‌ನ ನಾಯಕ ಟೋನಿ ಸ್ಟಾರ್ಕ್‌ನನ್ನು ತೋರಿಸಿದೆ. ಬಾಯಾರಿದವರಿಗೆ ಬಾವಿ ತೋಡಿದ ಕಥೆ ಹೇಳಿದ ಹಾಗೆ.

ಇನ್ನೂ ಒಂದಿದೆ. "ಅಲ್ಲಿಗೆ ಬಂದಾಗ ಗೊತ್ತಾಗುತ್ತೆ" ಅಂದೆನಲ್ಲ, ಆಗ ಬಂದಿದ್ದ 19 ಸಿನಿಮಾಗಳಲ್ಲಿ ಯಾವುದರಲ್ಲೂ ಅದಕ್ಕೆ ಪೂರ್ತಿ ಉತ್ತರ ಇರಲಿಲ್ಲ. ಎಲ್ಲವನ್ನೂ ಎರಡೆರಡು ಸಲ ನೋಡಿದ್ದ ನನ್ನ ತಲೆಗೆ ಆ ಪ್ರಶ್ನೆ ಬಂದೇ ಇರಲಿಲ್ಲ.

ಮುಂದಿನದು ನೀವು ಊಹಿಸಿರುತ್ತೀರಿ. ಎಕ್ಸೆಲ್ ಶೀಟ್ ಮಾಡಿದೆ. ವಾರಕ್ಕೆರಡು ಸಿನಿಮಾ. ಐರನ್ ಮ್ಯಾನ್ ಅವಳಿಗೆ ಹಿಡಿಸಿತು. ದಿ ಇನ್ಕ್ರೆಡಿಬಲ್ ಹಲ್ಕ್ ಹಿಡಿಸಲಿಲ್ಲ, ಆದರೂ ನೋಡಿದಳು. ಅದರಲ್ಲಿ ಹಲ್ಕ್ ಆಗಿದ್ದವರು ಎಡ್ವರ್ಡ್ ನಾರ್ಟನ್, 2012ರ ಅವೆಂಜರ್ಸ್‌ಗೆ ಬರುವಷ್ಟರಲ್ಲಿ ಮಾರ್ಕ್ ರಫಲೋ. ಅದನ್ನು ವಿವರಿಸಲು ಸಿನಿಮಾ ನಿಲ್ಲಿಸಿದೆ. ಒಂದು ನೀಲಿ ಡಬ್ಬಿ ಕಂಡರೆ ನಿಲ್ಲಿಸಿ, "ಇದನ್ನ ನೆನಪಿಟ್ಕೋ, ಮುಂದೆ ಬೇಕಾಗುತ್ತೆ" ಅಂದೆ. ಅವಳು ತೆರೆ ನೋಡುವುದು ಬಿಟ್ಟು ನನ್ನ ಮುಖ ನೋಡತೊಡಗಿದಳು. ಇದು ಮುಖ್ಯವಾದ ದೃಶ್ಯವಾ ಅಲ್ವಾ ಅಂತ ತಿಳಿಯಲು. ಎಂಟನೆಯದು ಥಾರ್: ದಿ ಡಾರ್ಕ್ ವರ್ಲ್ಡ್. ಅರ್ಧಕ್ಕೆ ಎದ್ದು "ನಾಳೆ ನೋಡೋಣ ಅಣ್ಣಾ" ಅಂದಳು. ಆ ನಾಳೆ ಬರಲಿಲ್ಲ. ಅವಳ ರಕೂನ್ ಇನ್ನೆರಡೇ ಸಿನಿಮಾ ಆಚೆ ಕೂತಿತ್ತು.

2019ರ ಏಪ್ರಿಲ್‌ನಲ್ಲಿ ಎಂಡ್‌ಗೇಮ್ ಬಂತು. 22ನೇ ಸಿನಿಮಾ, ಮೂರು ಗಂಟೆಯ ಮೇಲೊಂದು ನಿಮಿಷ. "ನೀನು ಹೋಗಿ ಬಾ, ನಂಗೆ ಹಿಂದಿನದೆಲ್ಲ ಮುಗಿದಿಲ್ಲವಲ್ಲ" ಅಂದಳು. ಮಾತಿನಲ್ಲಿ ಕೋಪ ಇರಲಿಲ್ಲ. ಪರೀಕ್ಷೆಗೆ ಓದಿಕೊಂಡಿಲ್ಲ ಅನ್ನುವವರ ದನಿ ಇತ್ತು. ಯೋಗ್ಯರಿಗಷ್ಟೇ ಏಳುವ ಥಾರ್‌ನ ಸುತ್ತಿಗೆಯನ್ನು ಕ್ಯಾಪ್ಟನ್ ಅಮೆರಿಕಾ ಎತ್ತಿದಾಗ ಇಡೀ ಥಿಯೇಟರ್ ಎದ್ದು ಕೂಗಿತು. ನಾನೂ ಕೂಗಿ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೋ ಪರಿಚಯ ಇಲ್ಲದವರು. ಅಂಥ ಗಳಿಗೆ ನನ್ನ ಆಯುಷ್ಯದಲ್ಲಿ ಇನ್ನೊಂದು ಬರುತ್ತೋ ಇಲ್ಲವೋ. ಅದನ್ನು ಅವಳ ಜೊತೆ ನೋಡಲಿಲ್ಲ ಅನ್ನುವ ನೋವು ಈಗಲೂ ಇದೆ.

ಆಮೇಲೆ ನಾನು ಮಾಡಿದ ಅದೇ ಕೆಲಸವನ್ನು ಮಾರ್ವೆಲ್ ಸ್ಟುಡಿಯೋನೂ ಮಾಡಿತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಎಂಡ್‌ಗೇಮ್ ಹೆಚ್ಚುಕಡಿಮೆ 280 ಕೋಟಿ ಡಾಲರ್ ಗಳಿಸಿತ್ತು. 2021ರಿಂದ ಡಿಸ್ನಿ ಪ್ಲಸ್‌ನಲ್ಲಿ ಸರಣಿಗಳು ಶುರುವಾದವು. ಅವುಗಳಲ್ಲಿ ವಾಂಡಾ ಅನ್ನೋ ನಾಯಕಿಯ ಕಥೆ ಹೇಳುವ ವಾಂಡಾವಿಷನ್ ನನಗೆ ತುಂಬಾ ಇಷ್ಟ, ಅದರಲ್ಲಿ ದುಃಖವನ್ನು ತೋರಿಸಿದ ರೀತಿಗೆ ಕೈ ಮುಗಿಯಬೇಕು. ಆದರೆ 2022ರ ಡಾಕ್ಟರ್ ಸ್ಟ್ರೇಂಜ್ ಸಿನಿಮಾಗೆ ಬಂದವರಲ್ಲಿ ಎಷ್ಟೋ ಜನ ಅದನ್ನು ನೋಡಿರಲಿಲ್ಲ. ಅವರ ಪಾಲಿಗೆ ವಾಂಡಾ ಎಂಡ್‌ಗೇಮ್‌ನಲ್ಲಿ ಕಂಡ ಒಳ್ಳೆಯ ಹುಡುಗಿ. ಅವಳು ಇದ್ದಕ್ಕಿದ್ದಂತೆ ತನ್ನ ಮಕ್ಕಳಿಗಾಗಿ ಜನರನ್ನು ಕೊಲ್ಲತೊಡಗಿದರೆ, ಯಾವ ಮಕ್ಕಳು ಅಂತ ಕೇಳದೆ ಇರುತ್ತಾರಾ? ಆ ಮಕ್ಕಳ ಕಥೆ ಇದ್ದಿದ್ದು ಸರಣಿಯಲ್ಲಿ. 2023ರ ದಿ ಮಾರ್ವೆಲ್ಸ್‌ನಲ್ಲಿ ಮೂವರು ನಾಯಕಿಯರು. ಒಬ್ಬಳು ಸಿನಿಮಾದಿಂದ ಬಂದವಳು, ಇಬ್ಬರ ಕಥೆ ಎರಡು ಬೇರೆ ಬೇರೆ ಸರಣಿಗಳಲ್ಲಿ. ಕಮಲಾ ಖಾನ್ ಪಾತ್ರ ಮಾಡಿದ ಇಮಾನ್ ವೆಲ್ಲಾನಿಯನ್ನು ನೋಡುವುದೇ ಖುಷಿ. ಆದರೂ ಸಿನಿಮಾ 20 ಕೋಟಿ ಡಾಲರ್ ಆಸುಪಾಸಿಗೆ ನಿಂತಿತು, ಮಾರ್ವೆಲ್ ಸ್ಟುಡಿಯೋಸ್ ಸಿನಿಮಾಗಳಲ್ಲೇ ಕಡಿಮೆ. 2025ರ ಕ್ಯಾಪ್ಟನ್ ಅಮೆರಿಕಾ: ಬ್ರೇವ್ ನ್ಯೂ ವರ್ಲ್ಡ್ ಅಂತೂ 2008ರ ಹಲ್ಕ್ ಸಿನಿಮಾದ ಒಬ್ಬ ವಿಜ್ಞಾನಿಯನ್ನು ಖಳನಾಗಿ ಎಳೆದು ತಂದಿತು. ನನ್ನ ತಂಗಿ ಆಕಳಿಸುತ್ತಾ ನೋಡಿದ ಅದೇ ಸಿನಿಮಾ.

"ಸೂಪರ್‌ಹೀರೋ ಸಿನಿಮಾ ಜನರಿಗೆ ಸಾಕಾಗಿದೆ" ಅನ್ನೋ ಮಾತನ್ನು ನಾನು ನಂಬಲ್ಲ. ಜನರಿಗೆ ಸಾಕಾಗಿದ್ದು ಹೋಮ್‌ವರ್ಕ್. 2022ರ ದಿ ಬ್ಯಾಟ್‌ಮ್ಯಾನ್ ಹತ್ತಿರ ಹತ್ತಿರ ಮೂರು ಗಂಟೆ ಉದ್ದ, ಹಿಂದಿನದು ಏನೂ ಗೊತ್ತಿರಬೇಕಾಗಿಲ್ಲ, ಜನ ಅಲುಗಾಡದೆ ಕೂತು ನೋಡಿದರು. 2023ರ ಗಾಡ್ಜಿಲ್ಲಾ ಮೈನಸ್ ಒನ್ ಕೂಡ ಹಾಗೇ. 1954ರಿಂದ ಬರುತ್ತಿರುವ ಸರಣಿ ಅದು, ಆದರೂ ಹಿಂದಿನ ಒಂದನ್ನೂ ನೋಡದವರೂ ಅತ್ತರು. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಕೂಡ ಬಂತು. ಫೆಂಟಾಸ್ಟಿಕ್ ಫೋರ್ ತನ್ನದೇ ಬೇರೆ ಭೂಮಿಯಲ್ಲಿ, 1960ರ ದಶಕದಲ್ಲಿ ನಡೆಯುತ್ತದೆ. ಹಿಂದಿನ ಕಥೆಯನ್ನು ಶುರುವಿನಲ್ಲೇ ಒಂದು ಟೀವಿ ಕಾರ್ಯಕ್ರಮದ ರೂಪದಲ್ಲಿ ಹೇಳಿ ಮುಗಿಸುತ್ತಾರೆ. ಇದು ನನಗೆ ತುಂಬಾ ಹಿಡಿಸಿತು. ಸಿನಿಮಾನೇ ನಮ್ಮನ್ನು ಕೈ ಹಿಡಿದು ಒಳಗೆ ಕರೆದುಕೊಳ್ಳಬೇಕು.

ತಂಗಿಯ ವಿಷಯಕ್ಕೆ ಬರುತ್ತೇನೆ. 2023ರ ಮೇ. ಗಾರ್ಡಿಯನ್ಸ್ ಮೂರನೇ ಭಾಗ ಬಂದಿತ್ತು. ನಾನಿನ್ನೂ ನೋಡಿರಲಿಲ್ಲ. ಅದಕ್ಕೂ ಮುಂಚೆ ನೋಡಬೇಕಾದ ಸರಣಿಗಳು ನನ್ನ ಪಟ್ಟಿಯಲ್ಲಿ ಬಾಕಿ ಇದ್ದವು. ರಾತ್ರಿ ಹನ್ನೊಂದೂವರೆಗೆ ಅವಳ ಫೋನ್ ಬಂತು. ಗಂಟಲು ಕಟ್ಟಿತ್ತು. ನನಗೆ ಗಾಬರಿ.

"ಅಣ್ಣಾ, ಅವತ್ತು ಆ ಬೆನ್ನು ನೋಡಿದ್ವಲ್ಲ, ನೆನಪಿದೆಯಾ? ಯಾರು ಮಾಡಿದ್ದು ಅಂತ ಗೊತ್ತಾಯ್ತು."

ಗೆಳತಿ ಕರೆದಳು ಅಂತ ಸುಮ್ನೆ ಹೋಗಿದ್ದಳು. ಎರಡನೇ ಭಾಗ ನೋಡಿರಲಿಲ್ಲ. ಮೊದಲನೆಯದರಲ್ಲಿ ನಾನು ನಿಲ್ಲಿಸಿದ ಜಾಗದವರೆಗೆ ಅಷ್ಟೇ. ಪಂಜರದಲ್ಲಿದ್ದ ಪುಟ್ಟ ರಾಕೆಟ್, ಲೋಹದ ಕೈಗಳಿದ್ದ ನೀರುನಾಯಿ ಲೈಲಾ, ಇನ್ನಿಬ್ಬರು ಗೆಳೆಯರು, ಅವರನ್ನೆಲ್ಲ ಕೊಯ್ದು ಜೋಡಿಸಿದ ಆ ಹೈ ಎವಲ್ಯೂಷನರಿ. ಎಲ್ಲವನ್ನೂ ನನಗೆ ಹೇಳಿದಳು. ಅರ್ಧ ಗಂಟೆ. ನಾನು ಒಂದೂ ಮಾತಾಡದೆ ಕೇಳಿದೆ. ಐದು ವರ್ಷ ಅವಳು ಆ ಪ್ರಶ್ನೆಯನ್ನು ಇಟ್ಟುಕೊಂಡಿದ್ದಳು. ಮೊದಲ ಭಾಗದಿಂದ ಮೂರನೆಯದಕ್ಕೆ ಒಂಬತ್ತು ವರ್ಷ. ಆ ಬೆನ್ನನ್ನು ನಿಜವಾಗಿ ನೋಡಿದವಳು ಅವಳು. ಪಟ್ಟಿ ಹಿಡಿದು ಕೂತಿದ್ದ ನಾನಲ್ಲ.

ಈಗ ನಿಮ್ಮ ಪ್ರಶ್ನೆ. ಎರಡರಲ್ಲಿ ಒಂದು ಹೇಳಲೇಬೇಕು ಅಂದರೆ ಕಥೆಯ ಕಾಲದ ಕ್ರಮ ಖಂಡಿತಾ ಬೇಡ. ಕ್ಯಾಪ್ಟನ್ ಮಾರ್ವೆಲ್ 1995ರಲ್ಲಿ ನಡೆಯುತ್ತದೆ ಅಂತ ಮೊದಮೊದಲೇ ತೋರಿಸಿದರೆ, ಕೊನೆಯಲ್ಲಿ ಹೆಸರುಗಳು ಬರುವಾಗ ನಡುವೆ ಇರುವ ತುಣುಕು ಇನ್ಫಿನಿಟಿ ವಾರ್ ಆದ ಮೇಲಿನದು. ಇನ್ಫಿನಿಟಿ ವಾರ್‌ನ ಅತಿ ದೊಡ್ಡ ಆಘಾತ ಅಲ್ಲೇ ಬಯಲಾಗುತ್ತದೆ. ಆದರೆ ರಿಲೀಸ್ ಕ್ರಮವೂ ಬೇಡ. ಕ್ರಮವೇ ಬೇಡ. ನಿಮ್ಮ ತಮ್ಮ ಆಗಲೇ ಶುರು ಮಾಡಿದ್ದಾನೆ. ಅವನ ಮೊದಲ ಸಿನಿಮಾ ಥಂಡರ್‌ಬೋಲ್ಟ್ಸ್, ಅಷ್ಟೇ. ಅದಕ್ಕಿಂತ ಒಳ್ಳೆಯ ಶುರು ಈಚಿನ ವರ್ಷಗಳಲ್ಲಿ ಸಿಗುವುದು ಕಷ್ಟ. ಕೊನೆಗೆ ಖಳನನ್ನು ಹೊಡೆದು ಕೆಡವುವುದಿಲ್ಲ, ಕುಸಿದುಹೋದ ಒಬ್ಬ ಹುಡುಗನನ್ನು ಎಲ್ಲರೂ ಸೇರಿ ತಬ್ಬಿ ಹಿಡಿಯುತ್ತಾರೆ. ಅದು ಅರ್ಥವಾಗಲು 35 ಸಿನಿಮಾ ಬೇಕಾ?

ಅದರಲ್ಲಿ ಬರುವ ಯೆಲೀನಾ ಯಾರು ಅಂತ ಅವನು ಕೇಳಿದರೆ 2021ರ ಬ್ಲ್ಯಾಕ್ ವಿಡೋ ಹಾಕಿ. ಅದರಲ್ಲೇ ಇರುವ ಬಕಿಯ ಲೋಹದ ಕೈ ಬಗ್ಗೆ ಕೇಳಿದರೆ 2014ರ ದಿ ವಿಂಟರ್ ಸೋಲ್ಜರ್. ಏನೂ ಕೇಳದೆ ಇದ್ದರೆ ಮಾರ್ವೆಲ್ ಬಿಟ್ಟುಬಿಡಿ, ಎರಡು ಭಾಗದ ಡ್ಯೂನ್ ತೋರಿಸಿ. ಅದು ಮಾತ್ರ ಕ್ರಮವಾಗಿಯೇ ಆಗಬೇಕು, 2021ರದ್ದು ಮೊದಲು, 2024ರದ್ದು ಆಮೇಲೆ. ಒಂದೇ ಕಥೆಯನ್ನು ನಡುವೆ ಕತ್ತರಿಸಿದ್ದು ಅದು. ಇನ್ಫಿನಿಟಿ ವಾರ್, ಎಂಡ್‌ಗೇಮ್ ಕೂಡ ಹಾಗೇ. ಉಳಿದಿದ್ದಕ್ಕೆಲ್ಲ ಅವನ ಕುತೂಹಲವೇ ಕ್ರಮ. ಡೂಮ್ಸ್‌ಡೇಗೆ ಅವನು ಏನೂ ಗೊತ್ತಿಲ್ಲದೆ ಬಂದರೂ ಬರಲಿ. ಟೋನಿ ಸ್ಟಾರ್ಕ್ ಆಗಿದ್ದ ರಾಬರ್ಟ್ ಡೌನಿ ಜೂನಿಯರ್ ಈ ಸಲ ಖಳ ಡಾಕ್ಟರ್ ಡೂಮ್ ಆಗಿ ಬರುತ್ತಿದ್ದಾರೆ. ಟೋನಿ ಸ್ಟಾರ್ಕ್‌ನ ಮುಖ ಕಂಡು ನಿಮಗೆ ಒಂದು ಥರ ಆಗುತ್ತೆ, ಆ ಮುಖ ಹೊಸದಾಗಿರುವ ಅವನಿಗೆ ಇನ್ನೊಂದು ಥರ. ಆಚೆ ಬಂದ ಮೇಲೆ ಇಬ್ಬರಿಗೂ ಮಾತಾಡಲು ಜಾಸ್ತಿ ಇರುತ್ತೆ.

2025ರ ಜುಲೈನಲ್ಲಿ ನಾನು, ತಂಗಿ ಇಬ್ಬರೂ ಸೂಪರ್‌ಮ್ಯಾನ್ ನೋಡಿದೆವು. ಅದೇ ಜೇಮ್ಸ್ ಗನ್. ಗ್ರಹ ಸಿಡಿಯುವುದು, ಮಗು ರಾಕೆಟ್‌ನಲ್ಲಿ ಬರುವುದು ಯಾವುದೂ ಇಲ್ಲ. ನಾಲ್ಕು ಸಾಲು ಬರಹ, ಆಮೇಲೆ ಸೋತು ಹಿಮದಲ್ಲಿ ಬಿದ್ದ ಸೂಪರ್‌ಮ್ಯಾನ್, ಅವನನ್ನು ಎಳೆದುಕೊಂಡು ಹೋಗುವ ನಾಯಿ. ಅವಳು ಕತ್ತಲಲ್ಲಿ ನನ್ನ ತೋಳು ಹಿಡಿದು "ಈ ನಾಯಿ ಯಾರದು?" ಅಂದಳು. ನನಗೆ ಕ್ರಿಪ್ಟೋ ಅನ್ನೋ ಆ ನಾಯಿಯ ಬಗ್ಗೆ ಕಾಮಿಕ್ಸ್‌ನಿಂದ ಎಷ್ಟೆಲ್ಲ ಗೊತ್ತಿತ್ತು. "ನೋಡು" ಅಂದೆ. ಸಿನಿಮಾ ಮುಗಿಯುವ ಹೊತ್ತಿಗೆ ಯಾರ ನಾಯಿ ಅಂತ ಅವಳಿಗೇ ಗೊತ್ತಾಗಿ ಜೋರಾಗಿ ನಕ್ಕಳು.

ನಿಮ್ಮ ತಮ್ಮ ಬಾಬ್ ಯಾರು ಅಂತ ಕೇಳಿದ ಅಂದಿರಿ. ಅದಕ್ಕೆ ನೀವು ಏನು ಹೇಳಿದಿರಿ ಅಂತ ಬರೆದಿಲ್ಲ. ಇನ್ನೂ ಏನೂ ಹೇಳಿಲ್ಲ ಅಂದರೆ, ಇವತ್ತೇ ಅವನ ಪಕ್ಕ ಕೂತು "ನಿಂಗೆ ಯಾರು ಅನ್ಸುತ್ತೆ?" ಅಂತ ಕೇಳಿ.